ಬೆನ್ನು ನೆಟ್ಟಗಿಡುವ ಅಂಗಿ

ಜೂನ್ 4
ಈ ಬೆನ್ನಿಗಾಗಿ ಇಲ್ಲಿಯವರೆಗೆ ಖರ್ಚಾದದ್ದು: ಡಾಕ್ಟರು ಇಬ್ಬರು, ಎಣ್ಣೆ ಮೂರು ಶೀಷೆ, ಟೈಲರಿಂಗ್ ಅಂಗಡಿ ಬಾಗಿಲು ಹಾಕಿದ ದಿನ ಹನ್ನೊಂದು. ಮನೆಯವರ ಜೊತೆ ಜಗಳ — ಎಣಿಸುವುದನ್ನು ಬಿಟ್ಟೆ. ಇಂದು ಪಟ್ಟಿಗೆ ಒಂದು ಅಂಗಿ ಸೇರಿತು. ತಂದವಳು ತಂಗಿಯ ಮಗಳು, ಆಸ್ಪತ್ರೆಯಲ್ಲಿ ಫಿಸಿಯೋ. ಬೆನ್ನಮೇಲೆ ಅಡ್ಡಡ್ಡ ಎಲಾಸ್ಟಿಕ್. ಬಾಗಲು ಬಿಡುವುದಿಲ್ಲವಂತೆ. ಸ್ನಾಯುವಿನ ಕೆಲಸ ಹಗುರವಾಗುತ್ತದಂತೆ.
"ಮೂರು ವಾರ ಹಾಕ್ಕೋ ದೊಡ್ಡಮ್ಮ. ಆಮೇಲೆ ಮೆಷಿನ್ ಇಟ್ಟು ಬೆನ್ನಿನ ಸ್ನಾಯು ಎಷ್ಟು ದುಡಿಯುತ್ತೆ ಅಂತ ಅಳೀತೀನಿ. ಸ್ನಾಯು ಸೋತಿದ್ರೆ ಕಟಿಂಗ್ ಬಿಡ್ಲೇಬೇಕು."
ಇಪ್ಪತ್ತೆಂಟು ವರ್ಷ ಈ ಕತ್ತರಿಯಿಂದ ಹೊಟ್ಟೆ ಹೊರೆದವಳು. ಅದೂ ಹೋದರೆ ಉಳಿಯುವುದು ಬಾಯಿ ಮಾತ್ರ.

ಜೂನ್ 5
ಅಂಗಿ ತೊಟ್ಟು, ಹೋದ ವರ್ಷ ತಂದ ಹೊಸ ಮೇಜಿನ ಮೇಲೆ ಬಟ್ಟೆ ಹಾಸಿದೆ. ಬಾಗಲಾಗಲಿಲ್ಲ. ಚಾಕ್ ಬಟ್ಟೆಗೆ ಎಟಕುತ್ತಿಲ್ಲ.
"ನೀನಂತೂ ಬಗ್ಗೋಳಲ್ಲ, ಮೇಜೇ ಮೇಲೆ ಬರ್ಲಿ" ಎಂದು ಮನೆಯವರು ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟರು. ಮದುವೆಯಾದಾಗಿನಿಂದ ಅದೇ ದೂರು ಅವರದು.

ಜೂನ್ 7, ಸಂಜೆ
ಗಿರಾಕಿಯೊಬ್ಬಳು ಕೇಳಿದಳು, "ಅಕ್ಕಾ, ನಿಮ್ಮ ಬೆನ್ನಲ್ಲೇನು ಇಷ್ಟು ಸುಕ್ಕು?"
ಟೈಲರ್ ಬೆನ್ನಲ್ಲೇ ಸುಕ್ಕೆಂದರೆ ಅಂಗಡಿಯ ಮಾನ ಹೋದಂತೆ. ಬಿಚ್ಚಿ ನೋಡಿದೆ — ದರಿದ್ರ ಹೊಲಿಗೆ. ಎಲಾಸ್ಟಿಕ್ ಕಿತ್ತು, ಹತ್ತಿ ಪಟ್ಟಿ ಇಟ್ಟು ಹೊಲಿದೆ. ಈಗ ಅಂಗಿಗೆ ಅಂಗಿಯ ಲಕ್ಷಣ ಬಂತು. ತಂಗಿಯ ಮಗಳಿಗೆ ಹೇಳಬೇಕಾಗಿಲ್ಲ.

ಜೂನ್ 19
ಹನ್ನೆರಡು ದಿನ ಬರೆದಿಲ್ಲ. ಶಾಲೆಯ ಯೂನಿಫಾರ್ಮ್, ಅರವತ್ತು ಜೊತೆ. ಕಟಿಂಗ್ ಎಲ್ಲ ನನ್ನದೇ.
"ಎಣ್ಣೆ ಹಚ್ಚೋಕೆ ನಾಲ್ಕು ದಿನದಿಂದ ಕರೆದೇ ಇಲ್ವಲ್ಲ?" ಎಂದರು ಮನೆಯವರು.
ಹೌದಲ್ಲ...
ಆದರೂ ಅಳತೆಗೆ ಇನ್ನು ಆರೇ ದಿನ, ಅದೇ ಭಯ. ಊರನ್ನೆಲ್ಲ ಅಳೆದವಳು ನಾನು. ಅಳೆಸಿಕೊಂಡು ರೂಢಿಯಿಲ್ಲ.

ಜೂನ್ 25
ತಂಗಿಯ ಮಗಳು ಅಂಗಡಿಗೇ ಬಂದು ಬೆನ್ನಿಗೆ ತಂತಿ ಅಂಟಿಸಿದಳು. ಅಂಗಿ ಹಾಕಿ ಒಮ್ಮೆ, ತೆಗೆದು ಒಮ್ಮೆ — ಕತ್ತರಿಸು, ಇಸ್ತ್ರಿ ಮಾಡು, ಬಟ್ಟೆಯ ಥಾನು ಎತ್ತು. ಮೆಷಿನ್ನಿನ ಪರದೆಯ ಮೇಲೆ ಗೆರೆಗಳು ಕುಣಿದವು. ಹುಬ್ಬು ಗಂಟಿಕ್ಕಿದಳು.
"ಹಾಕಿದ್ರೂ ಅಷ್ಟೇ, ತೆಗೆದ್ರೂ ಅಷ್ಟೇ. ಅಂಗಿ ಸ್ವಲ್ಪನಾದ್ರೂ ಭಾರ ಹೊರ್ಬೇಕಿತ್ತಲ್ಲ?"
"ಅದಿರ್ಲಿ. ಸ್ನಾಯು?"
"ಅದಕ್ಕೇನು, ಗಟ್ಟಿಯಾಗಿದೆ. ಎರಡೂ ಸಲ ತಾನೇ ದುಡಿದಿದೆ."
ಅಂಗಿ ಮಗುಚಿ ನೋಡಿದಳು. ನನ್ನ ಹೊಲಿಗೆ ಅವಳಿಗೆ ಗೊತ್ತಿರದೆ ಇರುತ್ತದೆಯೆ, ಅವಳ ಚಿಕ್ಕಂದಿನ ಫ್ರಾಕೆಲ್ಲ ಇಲ್ಲಿಯವೇ.
"ದೊಡ್ಡಮ್ಮ, ಎಲಾಸ್ಟಿಕ್ ಎಲ್ಲಿ?"
ಮನೆಯವರು ಮೆಲ್ಲಗೆ ಸೊಂಟ ಮುಟ್ಟಿಕೊಂಡರು. "ನನ್ನ ಪೈಜಾಮದಲ್ಲಿ."
ನಕ್ಕು ನಕ್ಕು ನೆಲದ ಮೇಲೇ ಕುಳಿತಳು. ಕುಳಿತಾಗ ಮೇಜಿನಡಿಯ ಇಟ್ಟಿಗೆ ಕಂಡಿತು. "ಈ ಮೇಜು ಯಾವಾಗ ತಂದಿದ್ದು?"
"ಹೋದ ವರ್ಷ." ಬೆನ್ನು ಹಿಡಿದದ್ದೂ ಹೋದ ವರ್ಷವೇ...
"ನಿನ್ನ ಬೆನ್ನು ಸೋತಿರ್ಲಿಲ್ಲ. ಮೇಜು ಕುಳ್ಳಗಿತ್ತು. ನಡೀಲಿ ಕಟಿಂಗ್."
ಒಂದು ವರ್ಷದ ಉಸಿರು ಒಮ್ಮೆಲೇ ಬಿಟ್ಟೆ.

ಜೂನ್ 26
ಯಾರಿಗೇನು ದಕ್ಕಿತು. ಮನೆಯವರಿಗೆ ಜಾರದ ಪೈಜಾಮ. ಹುಡುಗಿಗೆ, ಬೆನ್ನಿಗಿಂತ ಮೊದಲು ಮೇಜು ನೋಡುವ ಬುದ್ಧಿ. ಅಂಗಿಗೆ ಒಳ್ಳೆಯ ಹೊಲಿಗೆ. ಇಟ್ಟಿಗೆಗೆ ಏನೂ ಇಲ್ಲ, ಕೆಲಸ ಮಾಡಿದ್ದು ಅದೊಂದೇ. ನನಗೆ ಕತ್ತರಿ.
ಬಾಗಿಲಲ್ಲಿ ಗಿರಾಕಿ. ಹೋಗಿ ಅಳತೆ —