ಕುಡಿಯದವರಿಗೆ ಬಿದ್ದ ನೇರಳೆ ಮುದ್ರೆ

ಉಚಿತ ಆರೋಗ್ಯ ಶಿಬಿರಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಾನು ಕುಡಿತ ಬಿಡಬೇಕೆಂದು ತಾವು ಲಿಖಿತವಾಗಿ ಸಲಹೆ ನೀಡಿದ್ದೀರಿ. ಕೃತಜ್ಞಳಾಗಿದ್ದೇನೆ. ನನಗೆ ಅರವತ್ತೊಂದು ವರ್ಷ. ಮೂವತ್ತು ವರ್ಷ ಸರಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಈ ಜೀವಮಾನದಲ್ಲಿ ನಾನು ಕುಡಿದ ಅತ್ಯಂತ ಕಡಕ್ ಪದಾರ್ಥವೆಂದರೆ ಶುಂಠಿ ಕಷಾಯ. ಆದರೂ ಕಳೆದ ಭಾನುವಾರ ಬೆಂಗೇರಿಯ ಶಿಬಿರದಲ್ಲಿ ನನ್ನ ಚೀಟಿಯ ಮೇಲೆ ತಮ್ಮ ನೇರಳೆ ಮುದ್ರೆ ಬಿತ್ತು: ‘ಯಕೃತ್ತಿನಲ್ಲಿ ಕೊಬ್ಬು. ಮದ್ಯಪಾನ ತ್ಯಜಿಸಿ. ವಿಟಮಿನ್ ಸೇವಿಸಿ.’ ನನ್ನ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದ ಬಾಣಂತಿ ಗುಲ್ನಾಜಳ ಚೀಟಿಯ ಮೇಲೂ ಅದೇ ಮುದ್ರೆ. ಇದೇ ಮುದ್ರೆ ನನ್ನ ಗಂಡನನ್ನು ಕೊಂದಿತು. ಕೊಲ್ಲಲು ನಾನೂ ಕೈ ಹಚ್ಚಿದೆ.

ನನ್ನ ಯಜಮಾನರು ಬೀರಲಿಂಗ, ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದರು. ನಾಲ್ಕು ವರ್ಷದ ಹಿಂದೆ ತಮ್ಮ ಶಿಬಿರ ಅಲ್ಲಿಗೆ ದಯಮಾಡಿಸಿತು. ಹೊಟ್ಟೆಯ ಸ್ಕ್ಯಾನ್ ಆಯಿತು, ಕೊಬ್ಬು ಒಂದನೇ ದರ್ಜೆ ಎಂದರು. ಮರುವರ್ಷ ಎರಡನೇ ದರ್ಜೆ, ಅದರ ಮರುವರ್ಷ ಮೂರನೇ ದರ್ಜೆ. ಶಾಲೆಯಲ್ಲಿ ಮಕ್ಕಳು ಮೇಲಿನ ತರಗತಿಗೆ ಹೋದರೆ ನಾವು ಪುಸ್ತಕವನ್ನಾದರೂ ಬದಲಿಸುತ್ತೇವೆ. ತಾವು ಅದನ್ನೂ ಮಾಡಲಿಲ್ಲ. ಅದೇ ಮುದ್ರೆ, ಅದೇ ವಿಟಮಿನ್ ಗುಳಿಗೆಯ ಪಟ್ಟಿ, ಅದೇ ಫೋಟೋ. ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಲು ತಮಗೆ ಪುರುಸೊತ್ತಿರಲಿಲ್ಲವೇ, ಅಥವಾ ಗುಳಿಗೆ ಹಂಚುವ ಫೋಟೋದಷ್ಟು ಸೂಜಿಯ ಫೋಟೋ ಚಂದ ಬರುವುದಿಲ್ಲವೇ?

ಮೊದಲ ಚೀಟಿ ಅವರ ಅಂಗಿಯ ಜೇಬಿನಲ್ಲಿ ಸಿಕ್ಕಿದ ದಿನ ನಾನು ಮನೆಯಲ್ಲಿ ರಾದ್ಧಾಂತ ಎಬ್ಬಿಸಿದೆ.

“ನಾ ಕುಡಿಯೂದಿಲ್ಲ ಅಂತ ನಿನಗ ಗೊತ್ತೈತಿ. ಮತ್ತ್ಯಾಕ ಕೇಳತಿ?” ಎಂದರು ಅವರು.

“ಸರಕಾರದವರು ಮುದ್ರಿ ಒತ್ತಿ ಸುಳ್ಳ ಹೇಳ್ತಾರೇನ್ರಿ?” ಎಂದೆ ನಾನು. ಮುದ್ರೆ ಇಲ್ಲದ ಒಂದು ದಾಖಲೆಯನ್ನೂ ಮೂವತ್ತು ವರ್ಷ ಒಪ್ಪಿದವಳಲ್ಲ ನಾನು. ಮುದ್ರೆ ಇದ್ದದ್ದನ್ನು ಅನುಮಾನಿಸಿದವಳೂ ಅಲ್ಲ.

ಪಕ್ಕದ ಮನೆಯ ಸಂಗವ್ವ ಎಣ್ಣೆ ಸುರಿದಳು. “ಅಕ್ಕೋರ, ಬೆಂಕಿ ಇಲ್ದ ಹೊಗಿ ಆಡತೈತೇನ್ರಿ? ನಮ್ಮ ಮನಿಯವರಿಗೆ ಮಾಡಿಸಿದಂಗ ಮಾಲಿ ಹಾಕಸ್ರಿ. ಬಿಡ್ತಾರ.”

ನಮ್ಮ ಕಡೆ ಕುಡಿಯುವವರನ್ನು ಭಜನಾ ಮಂದಿರಕ್ಕೆ ಕರೆದೊಯ್ದು, ವಿಠ್ಠಲನ ಮುಂದೆ ಕೂರಿಸಿ ತುಳಸಿ ಮಾಲೆ ಹಾಕಿಸುತ್ತಾರೆ. ಮಾಲೆ ಹಾಕಿದ ಮೇಲೆ ಶೆರೆ ಮುಟ್ಟುವಂತಿಲ್ಲ, ಮಾಲೆ ತೆಗೆಯುವಂತೆಯೂ ಇಲ್ಲ. ಏಳು ಜನ ಕುಡುಕರ ಸಾಲಿನಲ್ಲಿ ಎಂಟನೆಯವರಾಗಿ ನನ್ನ ಗಂಡ ಕುಳಿತರು. ಹಿರಿಯರು “ಎಷ್ಟ ವರ್ಷದಿಂದ ಕುಡೀತೀಯಪಾ?” ಎಂದು ಕೇಳಿದರು. ಯಜಮಾನರು ನನ್ನ ಮುಖ ನೋಡಿದರು. ನಾನು ಹೇಳಿದೆ: “ಗೊತ್ತಿಲ್ರಿ. ಮುಚ್ಚಿಟ್ಟಾರ.” ಅವರು ಮಾಲೆಗೆ ಕುತ್ತಿಗೆ ಬಗ್ಗಿಸಿದರು.

ಅಂದಿನಿಂದ ಅವರು ಊರಿಗೆಲ್ಲ ಸುಧಾರಿಸಿದ ಕುಡುಕರಾದರು. ಕಾರ್ಖಾನೆಯವರು ಕೈ ಕುಲುಕಿದರು, ಬೀಗರು ಬೆನ್ನು ತಟ್ಟಿದರು. ತಾವು ಕೊಟ್ಟ ಗುಳಿಗೆಯನ್ನು ಯಜಮಾನರು ಒಂದು ದಿನವೂ ತಪ್ಪಿಸದೆ ನುಂಗಿದರು, ಅದು ಮುಗಿಯುವವರೆಗೆ ಬೇರೆ ದವಾಖಾನೆಯ ಮೆಟ್ಟಿಲು ಹತ್ತಬೇಕಿಲ್ಲ ಎಂದುಕೊಂಡರು. ಮತ್ತೆ ನಾನು? ಕುಡಿಯದೆ ಒಂದು ತಿಂಗಳು ಕಳೆದದ್ದಕ್ಕೆ ಬಹುಮಾನವೆಂದು ತಿಂಗಳಿಗೊಮ್ಮೆ ಕಾಲು ಕಿಲೋ ಧಾರವಾಡ ಪೇಢೆ ತಂದು ಎದುರು ಕುಳಿತು ತಿನ್ನಿಸಿದೆ. ಸಿಹಿ ಬೇಡವೆಂದು ತಮ್ಮ ಮುದ್ರೆಯಲ್ಲಿ ಇರಲಿಲ್ಲವಲ್ಲ.

ಹೋದ ಮಾಘದಲ್ಲಿ ರಕ್ತ ಕಾರಿಕೊಂಡರು. ದೊಡ್ಡ ಆಸ್ಪತ್ರೆಯ ಡಾಕ್ಟರಬಾಯಿ ಎಲ್ಲ ಪರೀಕ್ಷೆ ಮಾಡಿ, ಅವರ ಹಾಸಿಗೆಯ ಪಕ್ಕದಲ್ಲೇ ನನಗೆ ಹೇಳಿದರು. “ಯಕೃತ್ತು ಹಾಳಾಗೇದ, ಆದರ ಇದು ಶೆರೆಯಿಂದ ಆದದ್ದಲ್ರಿ. ಸಕ್ಕರಿ ಬ್ಯಾನಿ, ಬೊಜ್ಜು, ಇವುಗಳಿಂದ ಆಗೇದ. ಈ ವಿಟಮಿನ್ ಗುಳಗಿ ಕಂಡಕಂಡವರಿಗೆ ಕೊಡೂದಲ್ಲ. ಸಕ್ಕರಿ ಇದ್ದವರಿಗಂತೂ ಭಾಳ ವಿಚಾರ ಮಾಡಬೇಕು. ಇಷ್ಟ ವರ್ಷದಾಗ ಒಮ್ಮೆರ ರಕ್ತ ನೋಡಸಲಿಲ್ಲೇನ್ರಿ?”

ಯಜಮಾನರು ಕಣ್ಣು ತೆರೆದು ನನ್ನನ್ನೇ ನೋಡಿದರು. “ಹಂಗಾರ ಇನ್ನ ಮಾಲಿ ತಗೀಲೇನು?” ಎಂದು ಕೇಳಿದರು.

ಆಗಲೂ ನಾನು ಶಾಲೆಯ ಅಕ್ಕೋರೇ. “ಒಮ್ಮೆ ಹಾಕಿದ್ದು ತಗಿಯಂಗಿಲ್ರಿ” ಎಂದೆ. ನಾಲ್ಕನೇ ದಿನ ಮಾಲೆ ಹಾಕಿಕೊಂಡೇ ಹೋದರು.

ಕುಡಿಯದವರಿಗೂ ಈ ಮುದ್ರೆ ಯಾಕೆ ಎಂದು ಅವರು ಹೋದ ಮೇಲೆ ನಾನು ಮಾಹಿತಿ ಹಕ್ಕಿನಲ್ಲಿ ಕೇಳಿದ ಪ್ರಶ್ನೆಗೆ ತಮ್ಮ ಕಚೇರಿಯ ಉತ್ತರ ಬಂದಿದೆ. ‘ಫಲಾನುಭವಿಯು ಮೂರು ಬಾರಿ ಸೇವೆ ಪಡೆದಿರುತ್ತಾರೆ. ಮದ್ಯಪಾನಿಗಳಲ್ಲದವರಿಗೆ ಪ್ರತ್ಯೇಕ ಮುದ್ರೆ ಸರಬರಾಜಾಗಿರುವುದಿಲ್ಲ.’ ಎಂಥ ಸತ್ಯವಂತರು ತಾವು. ರಬ್ಬರಿನ ಕೊರತೆಯಿಂದ ಮನುಷ್ಯರು ಸಾಯುತ್ತಾರೆಂದು ಇಷ್ಟು ಸರಳವಾಗಿ ಇನ್ಯಾವ ಇಲಾಖೆಯೂ ಒಪ್ಪಿಕೊಂಡಿರಲಿಕ್ಕಿಲ್ಲ. ತಮ್ಮ ವಾರ್ಷಿಕ ವರದಿಯಲ್ಲಿ ನನ್ನ ಗಂಡ ಒಬ್ಬರಲ್ಲ, ಮೂವರು ಗುಣಮುಖರು ಎಂದು ನಮೂದಾಗಿದ್ದರೂ ನನಗೆ ಆಶ್ಚರ್ಯವಿಲ್ಲ.

ಪರಿಹಾರ ಬೇಡ, ವಿಚಾರಣಾ ಸಮಿತಿ ಬೇಡ. ಆ ಮುದ್ರೆಯನ್ನು ಇಂದೇ ಒಡೆದುಹಾಕಿ, ಮೂರು ದರ್ಜೆ ಏರಿದ ಪ್ರತಿಯೊಬ್ಬರನ್ನೂ ಹುಡುಕಿ ರಕ್ತ ಪರೀಕ್ಷೆ ಮಾಡಿಸಿ. ಮತ್ತೆ ಒಂದು ಪತ್ರ ಬರೆಯಿರಿ: ‘ಬೀರಲಿಂಗ ಕುಡಿಯುತ್ತಿರಲಿಲ್ಲ.’ ಅದನ್ನು ತಾವೇ ಬಂದು ಆ ಭಜನಾ ಮಂದಿರದಲ್ಲಿ, ಆ ಏಳು ಜನರೆದುರು, ಸಂಗವ್ವನೆದುರು ಓದಬೇಕು. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ಪತ್ರದ ಕೆಳಗೆ ಕಚೇರಿಯ ಮುದ್ರೆ ಇರಲೇಬೇಕು. ಯಜಮಾನರು ಬಾಯಿಬಿಟ್ಟು ಹೇಳಿದಾಗ ನಾನು ನಂಬಲಿಲ್ಲ.

ಇಂತಿ,
ತಮ್ಮ ದಾಖಲೆಯಲ್ಲಿ ಕುಡುಕಿ, ಕುಡಿಯದವನ ಹೆಂಡತಿ,
ಕಾವೇರಿ ಅಕ್ಕೋರು
ಬೆಂಗೇರಿ, ಹುಬ್ಬಳ್ಳಿ