ಮಾತಿನ ಬದಲು ಮೇಜಿನ ಸದ್ದು

ಡಿಸೆಂಬರ್ ೮, ಭಾನುವಾರ

ಪ್ರೀತಿಯ ಮಗಳೇ,

ಬಾಣಂತಿಯನ್ನು ಉತ್ತರಕ್ಕೆ ಇಷ್ಟು ಕಾಯಿಸಬಾರದಿತ್ತು, ಬೈದುಕೋ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನಮ್ಮ ಹೋದ ಮೇಲೆ ಅಂಗಿಗೆ ಗುಂಡಿ ನಾನೇ ಹೊಲಿಯುತ್ತೇನೆ. ಅಂಗಿ ಇದೆ, ಗುಂಡಿಯೂ ಇದೆ, ಎರಡೂ ಬೇರೆ ಬೇರೆ ಕಡೆ.

ಮಗು ಹುಟ್ಟಿತೆಂದಾಗ ನಿನ್ನ ಸೋದರತ್ತೆ ಮೊದಲು ಕೇಳಿದ್ದೇ "ಬಣ್ಣ ಯಾರದ್ದೇ? ಅಮ್ಮನದ್ದಾ?" ಎಂದು. ಅದಕ್ಕೇ ನಮ್ಮ ಕಡೆಯವರು ಯಾರೂ ಬರುವುದು ಬೇಡ ಎಂದು ಬರೆದಿದ್ದೀಯ. ಯಾರೂ ಎಂದರೆ ನಾನೂ ಸೇರಿದೆನೇ ಎಂದು ಯೋಚಿಸುತ್ತಲೇ ದಿನ ಕಳೆದೆ.

ಅದಿರಲಿ, ಇಲ್ಲಿನ ಸುದ್ದಿ ಕೇಳು. ಲೈಬ್ರರಿಯ ನಮ್ಮ ಓದುಕೂಟದಲ್ಲಿ ಈಗ ಅಮೆರಿಕದ ಹೆಸರಾಂತ ಹಳೆಯ ಕಾದಂಬರಿ. ಗಟ್ಟಿಯಾಗಿ ಓದಿ ಅರ್ಥ ಹೇಳುವವನು ನಾನೇ. ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು 'ಹೌಎವರ್', 'ನೆವರ್‌ದಲೆಸ್' ಎರಡೇ. ಮಿಕ್ಕಿದ್ದಕ್ಕೆಲ್ಲ ಅಂದಾಜೇ ಗತಿ. ಒಂದು ಅಧ್ಯಾಯದಲ್ಲಿ ಸತ್ತ ಕುದುರೆಯನ್ನು ಮುಂದಿನದರಲ್ಲಿ ಓಡಿಸಿಬಿಟ್ಟೆ, ಯಾರೂ ಕೇಳಲಿಲ್ಲ.

ಬಿಳಿಯರ ಹುಡುಗನನ್ನು ಸಾಕಿ ಬೆಳೆಸುವ ಕಪ್ಪು ಅಡುಗೆಯವಳ ಕಥೆ. ಅವಳ ಜನರನ್ನು ಹಂಗಿಸುವ ಮಾತೊಂದು ಪುಟಪುಟಕ್ಕೂ ಬರುತ್ತದೆ. ಓದಲು ನಾಲಿಗೆ ಏಳಲಿಲ್ಲ. ಅಲ್ಲೆಲ್ಲ ಮೇಜು ತಟ್ಟಿಬಿಡಿ ಎಂದರು ನಿವೃತ್ತ ಹೆಡ್‌ಮಾಸ್ತರು. ತಟ್ಟಿದೆ. ಸ್ವಲ್ಪ ಹೊತ್ತಿಗೆ ಲೈಬ್ರರಿಯವರು ಎದ್ದು ಹೋಗಿ ಬಾಗಿಲು ತೆರೆದು ನೋಡಿ ಬಂದರು!

ನಿನ್ನೆ ಜಗಳವೇ ಆಯಿತು.

"ಬರೆದವನು ಆ ದ್ವೇಷಾನ ಬಯಲಿಗೆಳೆಯೋಕೇ ಬರೆದಿದ್ದಾನೆ ಕಣ್ರೀ," ಎಂದರು ಹೆಡ್‌ಮಾಸ್ತರು.

"ಇರಬಹುದು ಸಾರ್," ಎಂದರು ಎದುರುಮನೆಯ ನರ್ಸಮ್ಮ. "ಆದ್ರೆ ಇಡೀ ಪುಸ್ತಕದಲ್ಲಿ ಅವಳಿಗೆ ಕೂತ್ಕೊಳ್ಳೋಕೆ ಒಂದು ಕುರ್ಚಿ ಕೊಟ್ಟಿದ್ದಾನಾ? ಅವಳ ಸಂಕಟಕ್ಕೂ ಆ ಹುಡುಗನೇ ಅಳ್ತಾನೆ!"

"ಆಗಿನ ಕಾಲ ಹಾಗಿತ್ತಮ್ಮ."

"ಆಗಲೂ ನಿಂತು ನಿಂತು ಅವಳ ಮಂಡಿ ನೋಯ್ತಿತ್ತಲ್ವಾ?"

ನಾನು "ನೆವರ್‌ದಲೆಸ್..." ಎಂದು ಬಾಯಿ ಹಾಕಿದೆ. ನರ್ಸಮ್ಮ ನನ್ನತ್ತ ತಿರುಗಿದರು: "ನೀವು ತಟ್ಟೋದು ನಮ್ಮ ಕಿವಿಗೆ ಬೀಳದಿರ್ಲಿ ಅಂತ. ಅವಳ ಕಿವಿಗೆ ಬೀಳದಂಗೆ ಯಾರು ತಟ್ಟಿದ್ರು?"

ಹೆಡ್‌ಮಾಸ್ತರು ಕನ್ನಡಕ ಒರೆಸಿದರು. "ಮುಂದಿನ ವಾರ ಓದೇಬಿಡಿ. ನಾಚಿಕೆ ನಮಗೂ ಆಗ್ಲಿ," ಎಂದು ಬಿಸ್ಕತ್ತಿನ ಪೊಟ್ಟಣವನ್ನು ನರ್ಸಮ್ಮನ ಕಡೆ ಸರಿಸಿದರು.

ಮಗು ಹೊಟ್ಟೆ ತುಂಬ ಕುಡಿದು ಕಣ್ತುಂಬ ಮಲಗಲಿ. ನಿನಗೂ ಒಂದಿಷ್ಟು ನಿದ್ದೆ ಸಿಗಲಿ.

ನಿನ್ನ
ಅಪ್ಪ

ತಾ.ಕ.: ನನ್ನಮ್ಮ, ನಿನ್ನಜ್ಜಿ, ನಿನ್ನನ್ನು 'ಕಾಗೆಮರಿ' ಎನ್ನಲು ಬಾಯಿ ತೆರೆದಾಗಲೆಲ್ಲ ಅಡುಗೆಮನೆಯಲ್ಲಿ ನಿನ್ನಮ್ಮನ ಕೈಯಿಂದ ತಟ್ಟೆ ಜಾರಿ ಬೀಳುತ್ತಿತ್ತು. ಅವಳ ಕೈ ಸಡಿಲ ಎಂದು ನಾವೆಲ್ಲ ನಗುತ್ತಿದ್ದೆವು. ನಿನ್ನೆ ಮನೆಗೆ ಬಂದು ಆ ತಟ್ಟೆಗಳ ನೆಗ್ಗುಗಳನ್ನು ಮುಟ್ಟಿ ನೋಡಿದೆ. ಅವಳೂ ನಿನ್ನ ಬಣ್ಣದವಳೇ. ಅವಳ ಕಿವಿಗೆ ಎಲ್ಲವೂ ಬೀಳುತ್ತಿತ್ತು. ನಿನಗೂ ಕೇಳಿಸುತ್ತಿತ್ತೇ, ಮಗಳೇ? ನನ್ನನ್ನು ಬಾ ಎಂದರೆ ತುಂಬ ನೆಗ್ಗಿದ ತಟ್ಟೆಯೊಂದನ್ನು ತರುತ್ತೇನೆ. ನಿನ್ನ ಸೋದರತ್ತೆ ಮತ್ತೆ ಬಣ್ಣದ ಮಾತೆತ್ತಿದರೆ ತಟ್ಟೆ ಬೀಳಿಸುವುದಿಲ್ಲ, ಸಾಕು ನಿಲ್ಲಿಸು ಎಂದು ಬಾಯಿಬಿಟ್ಟೇ ಹೇಳುತ್ತೇನೆ. ತಟ್ಟೆ ಮಗುವಿಗೆ, ಬಡಿದು ಆಡಲು.