ಬಾಟಲಿಯೊಳಗಿನ ಕರಿ ಗಡ್ಡೆ

ಮಾರ್ಚ್ 9, ಸೋಮವಾರ

ಅತ್ತೆಯ ಮುಖ ಕಣ್ಣಮುಂದಿನಿಂದ ಸರಿಯುತ್ತಿಲ್ಲ.

ಬೆಳಿಗ್ಗೆ ಫ್ರಿಜ್ ತೆಗೆದರೆ ಗ್ಯಾಸ್ ಸೋರಿದಂಥ ನಾತ. ಮಗುವಿನ ಹಾಲಿನ ಪಕ್ಕದಲ್ಲೇ ಸಣ್ಣ ಬಾಟಲಿ, ಅದರಲ್ಲಿ ಕಾಗದ ಸುತ್ತಿದ ಕರಿ ಗಡ್ಡೆ. ಉಳಿದದ್ದನ್ನೆಲ್ಲ ಬಾಟಲಿಗೆ ತುಂಬಿಡುವುದು ಅತ್ತೆಯ ಅಭ್ಯಾಸ. "ಕೊಳೆತದ್ದನ್ನೆಲ್ಲ ಕೂಡಿಟ್ಟು ಮಗೂನ ಆಸ್ಪತ್ರೆಗೆ ಸೇರಿಸ್ತೀರಾ?" ಎಂದು ಕೂಗಾಡಿ ಅವರೆದುರೇ ಕಸಕ್ಕೆ ಎಸೆದೆ. ಹಾಲನ್ನೂ ಚೆಲ್ಲಿದೆ.

"ನಾನಿಟ್ಟಿದ್ದಲ್ಲಮ್ಮ," ಎಂದರು. ನಾನು ನಂಬಲಿಲ್ಲ.

ಸಂಜೆ ಇವರು ಹೋಟೆಲಿನ ಅಡುಗೆ ಕೆಲಸ ಮುಗಿಸಿ ಬಂದವರೇ ಫ್ರಿಜ್ ತಡಕಾಡಿದರು. ಅದು ಟ್ರಫಲ್ ಅಂತೆ. ನೆಲದಡಿ ಬೆಳೆಯುವ ಅಣಬೆ, ಚಿನ್ನದ ಹಾಗೆ ಗ್ರಾಂ ಲೆಕ್ಕದಲ್ಲಿ ತೂಗಿ ಮಾರುವಂಥದ್ದು. ಹೆರಿಗೆಯಾದಾಗಿನಿಂದ ನನಗೆ ಊಟ ರುಚಿಸುತ್ತಿಲ್ಲವೆಂದು ದೊಡ್ಡ ಬಾಣಸಿಗರನ್ನು ಕಾಡಿಬೇಡಿ ಒಂದು ಚೂರು ತಂದಿಟ್ಟಿದ್ದರಂತೆ.

"ಎಲ್ಲಿ ಹೋಯ್ತು?"

ನಾನು ಮಗುವಿನ ಬಟ್ಟೆಯ ರಾಶಿಯನ್ನು ಹತ್ತಿರ ಎಳೆದುಕೊಂಡೆ.

"ನಾನೇ ಬಿಸಾಕಿದೆ ಕಣೋ," ಎಂದರು ಅತ್ತೆ. "ನಿನ್ನ ರಾಜಭೋಗ ಸತ್ತ ಇಲಿ ಥರ ನಾರ್ತಿತ್ತು."

"ಕೇಳಿ ಬಿಸಾಕಬಾರ್ದಾ? ನಿಂಗೇನಮ್ಮ ಗೊತ್ತು ಅದರ ಬೆಲೆ!" ಎಂದು ಇವರು ಅವರ ಮೇಲೆ ರೇಗಿದರು. ಆಗಲೂ ನಾನು ಮಗುವಿನ ಬಟ್ಟೆ ಮಡಚುತ್ತಾ ತಲೆ ತಗ್ಗಿಸಿಯೇ ಕೂತಿದ್ದೆ. ಥೂ.

ಈಗಷ್ಟೇ ಮಗು ಅತ್ತಿತು. ನಾನು ಏಳುವಷ್ಟರಲ್ಲಿ ಅತ್ತೆಯೇ ಬಂದು ಎತ್ತಿಕೊಂಡರು. "ನೀನು ಮಲ್ಕೋ, ನಿದ್ದೆಗೆಟ್ಟಿದೀಯ."

ಮಲಗಲಿಲ್ಲ. ಬಾಗಿಲ ಸಂದಿಯಿಂದ ಅಡುಗೆಮನೆ ಕಾಣುತ್ತಿದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು, ಕಾಯಿಸಿದ ಹಾಲನ್ನು ಮೂಸಿ ನೋಡುತ್ತಿದ್ದಾರೆ. ಇಳಿಸಿ, ಮತ್ತೆ ಮೂಸುತ್ತಿದ್ದಾರೆ. ನನಗೆ ಹೆದರಿ. ಎದ್ದು ಹೋಗಿ ಹೇಳಬೇಕು, ಈಗಲೇ, ಇವರಿಗೆ ಎಚ್ಚರವಾದರೂ ಸರಿ, ಇವರೂ ಕೇಳಿಸಿಕೊಳ್ಳಲಿ, ನಾನೇ—